ಚರ್ಚಿನ ಹೊಸ್ತಿಲಾಚೆಯ ಕೀರ್ತನೆಗಳು



ಕ್ರೈಸ್ತ ಭಕ್ತಿಸಂಗೀತ ಎಂದಕೂಡಲೇ ನಮ್ಮಲ್ಲಿ ಹೆಚ್ಚಿನವರ ನೆನಪಿಗೆ ಬರುವುದು ಚರ್ಚಿನ ಗಾಯನವೃಂದ, ಆರ್ಗನ್ನಿನ ನಾದ, ಡಿಸೆಂಬರಿನ ಕ್ಯಾರಲ್ ಗೀತೆಗಳು. ಇವತ್ತಿನ ನನ್ನ ಮಾತು ಆ ವೃಂದದಲ್ಲಿ ಜಾಗ ಸಿಗದವರ, ಸಿಕ್ಕರೂ ಅಲ್ಲಿ ನಿಲ್ಲದವರ ಕುರಿತದ್ದು. ಬೀದಿಯಲ್ಲಿ, ನೈಟ್‌ಕ್ಲಬ್ಬಿನಲ್ಲಿ, ಟೆಲಿವಿಷನ್ ಸ್ಟುಡಿಯೊದಲ್ಲಿ ದೇವರ ಹೆಸರೆತ್ತಿ ಹಾಡಿದ ಅಮೆರಿಕ, ಐರ್ಲೆಂಡ್, ಆಸ್ಟ್ರೇಲಿಯಾಗಳ ಕೆಲವು ಗಾಯಕರು ನನ್ನ ವಸ್ತು. ಧರ್ಮಪೀಠದಲ್ಲಿ ಕುಳಿತವರು ಇವರನ್ನು ಅನುಮಾನದಿಂದ ನೋಡಿದರು; ಟಿಕೆಟ್ಟು ಕೊಂಡು ಬಂದ ಶ್ರೋತೃಗಳೂ ಎಷ್ಟೋ ಸಲ ಅದೇ ಅನುಮಾನದಿಂದ ನೋಡಿದರು. ಭಕ್ತಿ ಮಾರುಕಟ್ಟೆಗೆ ಬಂದರೆ ತೆಳ್ಳಗಾಗುತ್ತದೆ ಎನ್ನುವುದು ರೂಢಿಯ ಅಭಿಪ್ರಾಯ. ನನಗೆ ಹಾಗೆ ಅನ್ನಿಸುವುದಿಲ್ಲ. ಬೈಬಲ್ಲಿನ ಒಳಗೇ ಗಟ್ಟಿಯಾಗಿದ್ದು, ಆರಾಧನೆಯಲ್ಲಿ ಮಾತ್ರ ಮೂಲೆಗೆ ಸರಿದ ಒಂದು ದನಿ ಇದೆ. ದೇವರ ಎದುರು ನಿಂತು ದೂರು ಹೇಳುವ, ಗೋಳಿಡುವ, ಜಗಳಕ್ಕೂ ಇಳಿಯುವ ದನಿ ಅದು. ಇಪ್ಪತ್ತನೆಯ ಶತಮಾನದಲ್ಲಿ ಆ ದನಿಯನ್ನು ಕಾಪಾಡಿಕೊಂಡು ಬಂದವರಲ್ಲಿ ಈ ಹೊಸ್ತಿಲಾಚೆಯ ಹಾಡುಗಾರರು ಮುಖ್ಯರು ಎಂಬುದು ನನ್ನ ವಾದ.

ಈ ವಾದಕ್ಕೆ ಮೊದಲ ಸಾಕ್ಷಿ ಬೈಬಲ್ಲೇ. ಹಳೆಯ ಒಡಂಬಡಿಕೆಯ ಕೀರ್ತನೆಗಳ ಗ್ರಂಥದಲ್ಲಿ 150 ಕೀರ್ತನೆಗಳಿವೆ. ವಿದ್ವಾಂಸರ ಲೆಕ್ಕದಲ್ಲಿ ಅವುಗಳಲ್ಲಿ ಸುಮಾರು ಮೂರನೇ ಒಂದು ಭಾಗ ಪ್ರಲಾಪದ ಕೀರ್ತನೆಗಳು. ಅವುಗಳಲ್ಲಿ ಬಹುಪಾಲು ಅಳುವಿನಲ್ಲಿ ಶುರುವಾಗಿ ಭರವಸೆಯಲ್ಲಿ ಮುಗಿಯುತ್ತವೆ. ಆದರೆ 88ನೆಯ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ. ಅಲ್ಲಿ ಸಮಾಧಾನದ ಒಂದು ಮಾತೂ ಇಲ್ಲ. ಯೋಬನ ಗ್ರಂಥದಲ್ಲಿ ದೇವರ ಪರವಾಗಿ ಚಂದವಾಗಿ ವಾದ ಮಾಡಿದ ಗೆಳೆಯರನ್ನೇ ದೇವರು ಕೊನೆಗೆ ಗದರುತ್ತಾನೆ. ಸಂಕಟದಲ್ಲಿ ಬಿದ್ದು ತನಗೇ ಎದುರು ಮಾತಾಡಿದ ಯೋಬನ ಪರ ನಿಲ್ಲುತ್ತಾನೆ. ಶಿಲುಬೆಯ ಮೇಲೆ ಯೇಸುವಿನ ಬಾಯಲ್ಲಿ ಬಂದದ್ದು 22ನೆಯ ಕೀರ್ತನೆಯ ಮೊದಲ ಕೂಗು, ಕೈಬಿಡಲ್ಪಟ್ಟವನ ಕೂಗು. ಇಷ್ಟೆಲ್ಲ ಇದ್ದರೂ ಭಾನುವಾರದ ಆರಾಧನೆಯಲ್ಲಿ ಕೇಳಿಬರುವುದು ಹೆಚ್ಚಾಗಿ ಸ್ತುತಿ ಮತ್ತು ಕೃತಜ್ಞತೆ. ಹಳೆಯ ಒಡಂಬಡಿಕೆಯ ಅಮೆರಿಕನ್ ವಿದ್ವಾಂಸ ವಾಲ್ಟರ್ ಬ್ರೂಗಮನ್ 1986ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಇದರ ಬೆಲೆ ಏನೆಂದು ವಿಚಾರಿಸಿದರು. ಪ್ರಲಾಪ ಮಾಯವಾದರೆ ದೇವರು ಮತ್ತು ಮನುಷ್ಯರ ನಡುವಿನ ಮಾತುಕತೆ ಒಮ್ಮುಖವಾಗುತ್ತದೆ, ನ್ಯಾಯದ ಪ್ರಶ್ನೆಯನ್ನು ಕೇಳುವ ಜಾಗವೇ ಇಲ್ಲವಾಗುತ್ತದೆ ಎಂಬುದು ಅವರ ಮಾತಿನ ಸಾರ. ಈ ಎರಡನೆಯ ಅಂಶವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಅದು ಬಹಳ ಮುಖ್ಯವಾಗುತ್ತದೆ.

ಆರಾಧನೆಯಿಂದ ಸರಿದ ಪ್ರಲಾಪ ಹೊಸ್ತಿಲಾಚೆ ಹೇಗೆ ಉಳಿಯಿತೆಂದು ಈಗ ನೋಡೋಣ. 1977ರಲ್ಲಿ ಅಮೆರಿಕ ಹಾರಿಸಿದ ಎರಡು ವಾಯೇಜರ್ ನೌಕೆಗಳಲ್ಲಿ ಭೂಮಿಯ ಸಂಗೀತದ ಒಂದೊಂದು ಚಿನ್ನದ ಲೇಪದ ರೆಕಾರ್ಡ್ ಇದೆ. ನಮ್ಮ ಮಲ್ಲಿಕಾರ್ಜುನ ಮನ್ಸೂರರ ಘರಾಣೆಯವರೇ ಆದ ಕೇಸರಬಾಯಿ ಕೇರ್ಕರರ ಭೈರವಿ ಅದರಲ್ಲಿರುವುದು ನಿಮ್ಮಲ್ಲಿ ಅನೇಕರಿಗೆ ಗೊತ್ತು. ಅದೇ ರೆಕಾರ್ಡಿನಲ್ಲಿ ಟೆಕ್ಸಸ್ಸಿನ ಬ್ಲೈಂಡ್ ವಿಲ್ಲಿ ಜಾನ್ಸನ್ ಎಂಬ ಕುರುಡ ಬೀದಿಗಾಯಕನ 'ಡಾರ್ಕ್ ವಾಸ್ ದಿ ನೈಟ್' ಕೂಡ ಇದೆ. 1927ರ ಡಿಸೆಂಬರಿನಲ್ಲಿ ಡಲಾಸ್ ನಗರದಲ್ಲಿ ಧ್ವನಿಮುದ್ರಣಗೊಂಡ, ಮೂರೂವರೆ ನಿಮಿಷಕ್ಕೂ ಕಡಿಮೆಯ ಹಾಡು ಅದು. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆಯ ತೋಟದಲ್ಲಿ ಯೇಸು ಪಟ್ಟ ಸಂಕಟವನ್ನು ಹೇಳುವ ಹದಿನೆಂಟನೆಯ ಶತಮಾನದ ಇಂಗ್ಲಿಷ್ ಸ್ತೋತ್ರವೊಂದು ಅದರ ಮೂಲ. ಆದರೆ ಜಾನ್ಸನ್ ಆ ಸ್ತೋತ್ರದ ಒಂದು ಪದವನ್ನೂ ಹಾಡುವುದಿಲ್ಲ. ಬರೀ ಗುನುಗುತ್ತಾನೆ, ನರಳುತ್ತಾನೆ. ಕಪ್ಪು ಜನರ ಬ್ಯಾಪ್ಟಿಸ್ಟ್ ಸಭೆಗಳಲ್ಲಿ ಒಬ್ಬರು ಸಾಲು ಹೇಳಿಕೊಟ್ಟು ಉಳಿದವರು ಅದನ್ನು ಎಳೆದೆಳೆದು ಹಾಡುವ ಪದ್ಧತಿ ಇತ್ತು. ಇಲ್ಲಿ ತಂತಿಯ ಮೇಲೆ ಜಾರುವ ಗಿಟಾರು ಸಾಲು ಹೇಳಿಕೊಡುತ್ತದೆ, ಅವನೊಬ್ಬನ ಕಂಠ ಇಡೀ ಸಭೆಯಾಗಿ ಉತ್ತರಿಸುತ್ತದೆ. ಸಭೆಯ ಹಾಡುಗಾರಿಕೆಯ ರೂಪ ಪೂರ್ತಿ ಉಳಿದಿದೆ; ಆದರೆ ಬೋಧನೆಯ ಮಾತು ಸಂಪೂರ್ಣ ಬಿದ್ದುಹೋಗಿ, ಸಂಕಟ ಮಾತ್ರ ನಿಂತಿದೆ. 88ನೆಯ ಕೀರ್ತನೆಗೆ ಇದಕ್ಕಿಂತ ಹತ್ತಿರದ ಸಂಗೀತವನ್ನು ನಾನು ಕೇಳಿಲ್ಲ.

ಚರ್ಚಿನ ಒಳಗೆ ಮತ್ತು ಹೊರಗೆ ಎಂಬ ಗೆರೆ ಕಲ್ಲಿನಲ್ಲಿ ಕೊರೆದದ್ದಲ್ಲ ಎಂಬುದಕ್ಕೆ ಗಾಸ್ಪೆಲ್ ಸಂಗೀತದ ಪಿತಾಮಹ ಎನಿಸಿಕೊಂಡ ಥಾಮಸ್ ಡಾರ್ಸಿಯವರ ಕಥೆಯೇ ಸಾಕು. ಅವರು ಮೊದಲು 'ಜಾರ್ಜಿಯಾ ಟಾಮ್' ಎಂಬ ಹೆಸರಿನಲ್ಲಿ ಪೋಲಿ ಹಾಡುಗಳಿಗೂ ಪಿಯಾನೊ ನುಡಿಸುತ್ತಿದ್ದ ಬ್ಲೂಸ್ ವಾದಕರು. ಆ ಬ್ಲೂಸಿನ ಬಳುಕನ್ನು ಅವರು ದೇವರ ಹಾಡಿಗೆ ತಂದಾಗ ಶಿಕಾಗೊದ ಪ್ರತಿಷ್ಠಿತ ಸಭೆಗಳು ಬಾಗಿಲು ಹಾಕಿಕೊಂಡವು. 1932ರಲ್ಲಿ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಳು, ಹುಟ್ಟಿದ ಗಂಡುಮಗುವೂ ಉಳಿಯಲಿಲ್ಲ. ಆ ದುಃಖದಲ್ಲಿ ಬರೆದ 'ಪ್ರೆಷಸ್ ಲಾರ್ಡ್' ಹಾಡು ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಅಚ್ಚುಮೆಚ್ಚಾಯಿತು. 1968ರಲ್ಲಿ ಅವರ ಅಂತ್ಯಸಂಸ್ಕಾರದಲ್ಲಿ ಮಹೇಲಿಯಾ ಜಾಕ್ಸನ್ ಅದನ್ನೇ ಹಾಡಿದರು. ಡಾರ್ಸಿಯವರ ಇನ್ನೊಂದು ಸ್ತೋತ್ರವನ್ನು ಸಿಸ್ಟರ್ ರೊಸೆಟ್ಟಾ ಥಾರ್ಪ್ 1938ರಲ್ಲಿ 'ರಾಕ್ ಮಿ' ಎಂದು ಧ್ವನಿಮುದ್ರಿಸಿದರು. ಪೆಂಟೆಕೋಸ್ಟಲ್ ಸಭೆಯಲ್ಲಿ ಪ್ರಚಾರಕಿಯಾಗಿದ್ದ ತಾಯಿಯ ಜೊತೆ ಊರೂರು ಸುತ್ತಿ ಹಾಡಿ ಬೆಳೆದ ಥಾರ್ಪ್, ಅದೇ ವರ್ಷ ನ್ಯೂಯಾರ್ಕಿನ ಕಾಟನ್ ಕ್ಲಬ್ಬಿನಲ್ಲಿ, ಕುಡಿಯುವವರ ಮತ್ತು ಕುಣಿಯುವವರ ನಡುವೆ, ದೇವರ ಹಾಡು ಹಾಡಿದರು. ಸಭೆಯ ಹಿರಿಯರಿಗೆ ಇದು ಸಹಿಸಲಾಗದ ಅಪಚಾರವಾಗಿ ಕಂಡಿತು. 1964ರಲ್ಲಿ ಬ್ರಿಟಿಷ್ ಟೆಲಿವಿಷನ್ನಿಗಾಗಿ ಮ್ಯಾಂಚೆಸ್ಟರಿನ ಒಂದು ಪಾಳು ರೈಲು ನಿಲ್ದಾಣದಲ್ಲಿ ಅವರು ಹಾಡಿದ ಚಿತ್ರಣ ಉಳಿದಿದೆ. ಒಂದು ಪ್ಲಾಟ್‌ಫಾರ್ಮಿನ ಮೇಲೆ ಜನ, ಎದುರಿನದರ ಮೇಲೆ ಥಾರ್ಪ್. ಸಾರೋಟಿನಲ್ಲಿ ಬಂದಿಳಿದು, ಮೈತುಂಬ ಕೋಟು ತೊಟ್ಟು, ಬಿಳಿಯ ಎಲೆಕ್ಟ್ರಿಕ್ ಗಿಟಾರನ್ನು ಹೆಗಲಿಗೇರಿಸಿ, ಆಗಷ್ಟೇ ಸುರಿದ ಮಳೆಗೆ ಒಪ್ಪುವಂತೆ ನೋಹನ ಪ್ರಳಯದ ಹಾಡೆತ್ತಿಕೊಳ್ಳುತ್ತಾರೆ. ರಾಕ್ ಸಂಗೀತದ ಗಿಟಾರು ಕಲಿತದ್ದು ಈ ಕೈಯಿಂದ. 1973ರಲ್ಲಿ ತೀರಿಕೊಂಡ ಈ ಮಹಾ ಕಲಾವಿದೆಯ ಸಮಾಧಿಗೆ ದಶಕಗಳ ಕಾಲ ಒಂದು ಕಲ್ಲೂ ಇರಲಿಲ್ಲ.

ಬಾಬ್ ಡಿಲನ್ ಅವರದು ತಿರುಗುಮುರುಗಾದ ಪ್ರಸಂಗ. ಯೆಹೂದಿ ಮನೆತನದಲ್ಲಿ ಹುಟ್ಟಿದ ಡಿಲನ್ 1970ರ ದಶಕದ ಕೊನೆಯಲ್ಲಿ ಕ್ರೈಸ್ತರಾದರು. 1979ರ 'ಸ್ಲೋ ಟ್ರೇನ್ ಕಮಿಂಗ್' ಆಲ್ಬಮ್ಮಿನಿಂದ 1981ರ 'ಶಾಟ್ ಆಫ್ ಲವ್'ವರೆಗೆ ಮೂರು ಆಲ್ಬಮ್ಮುಗಳು ಆ ನಂಬಿಕೆಯಿಂದ ಬಂದವು. 1979ರ ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ವಾರ್‌ಫೀಲ್ಡ್ ಥಿಯೇಟರಿನಲ್ಲಿ ಸಾಲುಸಾಲು ಕಚೇರಿ ಕೊಟ್ಟಾಗ ಹಳೆಯ ಒಂದು ಹಾಡನ್ನೂ ಅವರು ಮುಟ್ಟಲಿಲ್ಲ, ಹಳೆಯ ಅಭಿಮಾನಿಗಳು ಕೂಗಾಡಿದರು. ಇಲ್ಲಿ ಹೊಸ್ತಿಲು ಕಾಯುತ್ತಿದ್ದದ್ದು ರಾಕ್ ಪ್ರಪಂಚ. ಧೈರ್ಯವನ್ನು ಮೆಚ್ಚುತ್ತಲೇ ಹೇಳಬೇಕಾದ ಮಾತೆಂದರೆ, ಆ ಹಾಡುಗಳಲ್ಲಿ ಹಲವು ತೀರ್ಪು ಕೊಡುವ ಹಾಡುಗಳು. ಪ್ರಶ್ನೆಗಿಂತ ಮೊದಲೇ ಉತ್ತರ ಸಿದ್ಧವಿರುತ್ತದೆ. 'ಶಾಟ್ ಆಫ್ ಲವ್'ನ ಕೊನೆಯಲ್ಲಿ ಬರುವ 'ಎವ್ರಿ ಗ್ರೇನ್ ಆಫ್ ಸ್ಯಾಂಡ್' ಬೇರೆಯದೇ ಹದದ್ದು. ಬೆನ್ನ ಹಿಂದೆ ಯಾರೋ ಇದ್ದಾರೆಂಬ ನೆಚ್ಚಿಕೆ ಒಮ್ಮೆ, ತಾನೊಬ್ಬನೇ ಎಂಬ ದಿಗಿಲು ಇನ್ನೊಮ್ಮೆ, ಹೀಗೆ ಅದು ತೂಗುತ್ತಲೇ ಇರುತ್ತದೆ. ಮೂರು ಆಲ್ಬಮ್ಮುಗಳಲ್ಲಿ ಕಾಲಕ್ಕೆ ನಿಲ್ಲುವ ಹಾಡು ಇದೇ ಎಂಬುದು ನನ್ನ ಅಭಿಪ್ರಾಯ.

ಈಗ ಶಿನೇಡ್ ಓ'ಕಾನರ್ ಅವರ ವಿಷಯಕ್ಕೆ ಬರುತ್ತೇನೆ. ನನ್ನ ವಾದದ ಭಾರವೆಲ್ಲ ನಿಂತಿರುವುದು ಇವರ ಮೇಲೆ. 1992ರ ಅಕ್ಟೋಬರ್ 3ರಂದು 'ಸ್ಯಾಟರ್‌ಡೇ ನೈಟ್ ಲೈವ್' ಎಂಬ ಅಮೆರಿಕದ ನೇರ ಪ್ರಸಾರದ ಕಾರ್ಯಕ್ರಮದಲ್ಲಿ ಈ ಐರಿಷ್ ಗಾಯಕಿ ಮೇಣದಬತ್ತಿಗಳ ಪಕ್ಕ ನಿಂತು, ವಾದ್ಯಗಳಿಲ್ಲದೆ, ಬಾಬ್ ಮಾರ್ಲಿಯ 'ವಾರ್' ಹಾಡಿದರು. ಜನಾಂಗಭೇದದ ವಿರುದ್ಧದ ಆ ಹಾಡಿನೊಳಗೆ ಮಕ್ಕಳ ಮೇಲಿನ ದೌರ್ಜನ್ಯದ ಮಾತನ್ನು ಸೇರಿಸಿ, ಕೊನೆಯಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರ ಚಿತ್ರವನ್ನು ಕ್ಯಾಮೆರಾದ ಮುಂದೆ ಹಿಡಿದು ಹರಿದುಹಾಕಿದರು. ಸ್ಟುಡಿಯೊದಲ್ಲಿ ಒಂದು ಚಪ್ಪಾಳೆಯೂ ಕೇಳಲಿಲ್ಲ. ಆ ಚಿತ್ರ ಎಲ್ಲಿಂದ ಬಂತು ಎಂಬುದನ್ನು 2021ರ ಆತ್ಮಕಥೆ 'ರಿಮೆಂಬರಿಂಗ್ಸ್'ನಲ್ಲಿ ಅವರೇ ಬರೆದಿದ್ದಾರೆ. ತನ್ನನ್ನು ಚಿಕ್ಕಂದಿನಲ್ಲಿ ಹೊಡೆದು ಹಿಂಸಿಸಿದ ತಾಯಿಯ ಕೋಣೆಯ ಗೋಡೆಯ ಮೇಲಿದ್ದ, ಪೋಪ್ 1979ರಲ್ಲಿ ಐರ್ಲೆಂಡಿಗೆ ಬಂದಾಗಿನ ಚಿತ್ರ ಅದು. 1985ರಲ್ಲಿ ತಾಯಿ ಸತ್ತ ಮೇಲೆ ಅದನ್ನು ಇಳಿಸಿಕೊಂಡು ವರ್ಷಗಟ್ಟಲೆ ಜೊತೆಯಲ್ಲಿಟ್ಟುಕೊಂಡಿದ್ದರು. ಎರಡು ವಾರಗಳಾದ ಮೇಲೆ, ಅಕ್ಟೋಬರ್ 16ರಂದು, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಡಿಲನ್ ಅವರ ಮೂವತ್ತು ವರ್ಷಗಳ ಸಂಗೀತ ಜೀವನದ ಗೌರವಾರ್ಥ ಕಚೇರಿ ನಡೆಯಿತು. ಅಲ್ಲಿ ಶಿನೇಡ್ ಹಾಡಬೇಕಿದ್ದದ್ದು 'ಐ ಬಿಲೀವ್ ಇನ್ ಯೂ', ಅಂದರೆ 'ಸ್ಲೋ ಟ್ರೇನ್ ಕಮಿಂಗ್'ನ, ನಂಬಿಕೆಗಾಗಿ ಎಲ್ಲರಿಂದ ದೂರವಾದವನ ಹಾಡು. ಬೊಬ್ಬೆ, ಧಿಕ್ಕಾರ ನಿಲ್ಲಲಿಲ್ಲ. ಗಾಯಕ ಕ್ರಿಸ್ ಕ್ರಿಸ್ಟಾಫರ್ಸನ್ ಬಂದು ಧೈರ್ಯ ಹೇಳಿದರು. ಶಿನೇಡ್ ವಾದ್ಯದವರನ್ನು ನಿಲ್ಲಿಸಿ, ಸಿದ್ಧಪಡಿಸಿಕೊಂಡಿದ್ದ ಹಾಡನ್ನು ಬಿಟ್ಟು, 'ವಾರ್' ಅನ್ನೇ ಮತ್ತೊಮ್ಮೆ ಕೂಗಿ ಹಾಡಿ ಇಳಿದುಹೋದರು.

ಇದು ದೇವನಿಂದೆಯೇ? ಅವರ ದೂರಿಗೆ ಆಧಾರವಿತ್ತೇ ಎಂಬುದನ್ನು ಮೊದಲು ನೋಡೋಣ. 2009ರಲ್ಲಿ ಐರ್ಲೆಂಡಿನಲ್ಲಿ ಎರಡು ಅಧಿಕೃತ ವಿಚಾರಣಾ ವರದಿಗಳು ಹೊರಬಂದವು. ಧಾರ್ಮಿಕ ಸಂಸ್ಥೆಗಳು ನಡೆಸುತ್ತಿದ್ದ ವಸತಿಶಾಲೆಗಳಲ್ಲಿ ಮಕ್ಕಳು ಅನುಭವಿಸಿದ ದೌರ್ಜನ್ಯವನ್ನು ರಯಾನ್ ವರದಿ ದಾಖಲಿಸಿತು. ಡಬ್ಲಿನ್ ಧರ್ಮಪ್ರಾಂತದಲ್ಲಿ ದೂರುಗಳನ್ನು ಮುಚ್ಚಿಹಾಕಿದ್ದನ್ನು ಮರ್ಫಿ ವರದಿ ದಾಖಲಿಸಿತು. 2010ರ ಮಾರ್ಚಿನಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟ್ ಐರ್ಲೆಂಡಿನ ಕಥೊಲಿಕರಿಗೆ ಪತ್ರ ಬರೆದು ವಿಷಾದ ಹೇಳಿದರು. ಪ್ರಲಾಪ ಹೋದರೆ ನ್ಯಾಯದ ಪ್ರಶ್ನೆಯೂ ಹೋಗುತ್ತದೆ ಎಂದ ಬ್ರೂಗಮನ್‌ರ ಮಾತು ಇಲ್ಲಿ ಅಕ್ಷರಶಃ ನಿಜವಾಯಿತು. ದೂರುವುದಕ್ಕೆ ಆರಾಧನೆಯಲ್ಲಿ ಜಾಗವಿಲ್ಲದಾಗ ಆ ದೂರು ಟೆಲಿವಿಷನ್ ಸ್ಟುಡಿಯೊಗೆ ಬಂತು. ಶಿನೇಡ್ ಧರ್ಮವನ್ನು ಬಿಟ್ಟು ಓಡಲಿಲ್ಲ ಎಂಬುದೂ ಅಷ್ಟೇ ಮುಖ್ಯ. 1999ರಲ್ಲಿ ರೋಮಿನ ಮಾನ್ಯತೆಯಿಲ್ಲದ ಒಬ್ಬ ಬಿಷಪ್ಪರಿಂದ ಲೂರ್ದ್‌ನಲ್ಲಿ ಯಾಜಕ ದೀಕ್ಷೆ ಪಡೆದರು. 2007ರಲ್ಲಿ 'ಥಿಯಾಲಜಿ' ಎಂಬ ಆಲ್ಬಮ್ ತಂದರು. ಎರಡು ತಟ್ಟೆಗಳು, ಒಂದರಲ್ಲಿ ಹೆಚ್ಚುಕಡಿಮೆ ಬರೀ ಗಿಟಾರಿನ ಜೊತೆ, ಇನ್ನೊಂದರಲ್ಲಿ ಪೂರ್ಣ ವಾದ್ಯಮೇಳದ ಜೊತೆ, ಬಹುತೇಕ ಅವೇ ಹಾಡುಗಳು. ಯೆಶಾಯನ ದ್ರಾಕ್ಷಿತೋಟದ ಪದ್ಯ, ಯೆರೆಮೀಯನ ದುಃಖ, ಕೀರ್ತನೆಗಳು, ಪರಮಗೀತೆ ಅವುಗಳ ಆಕರ. ಪೋಪರ ಚಿತ್ರ ಹರಿದವಳು ಎಂದಷ್ಟೇ ಅವರನ್ನು ನೆನೆಯುವವರು ಈ ಆಲ್ಬಮ್ಮನ್ನು ಕೇಳದಿರುವುದು ದೊಡ್ಡ ಅನ್ಯಾಯ.

ನನ್ನ ವಾದಕ್ಕೆ ಬರುವ ಮೊದಲ ಆಕ್ಷೇಪ ವ್ಯಾಪಾರದ್ದು. ಶಿಲುಬೆ, ಪ್ರಾರ್ಥನೆ, ಪವಾಡ ಎಲ್ಲವೂ ಒಳ್ಳೆಯ ಸರಕು. 1989ರಲ್ಲಿ ಮಡೋನ್ನಾ 'ಲೈಕ್ ಎ ಪ್ರೇಯರ್' ತಂದಾಗ ಎದ್ದ ವಿವಾದದಿಂದ ಪೆಪ್ಸಿ ತನ್ನ ಜಾಹೀರಾತನ್ನು ಹಿಂತೆಗೆದುಕೊಂಡಿತು, ಹಾಡು ಮಾತ್ರ ಗೆದ್ದಿತು. ಇದನ್ನೂ ಶಿನೇಡ್‌ರ ಹಾಡನ್ನೂ ಬೇರ್ಪಡಿಸುವುದು ಹೇಗೆ? ಕಷ್ಟನಷ್ಟ ಅನುಭವಿಸಿದರು ಎಂಬುದೊಂದೇ ಅಳತೆಯಾಗಲಾರದು, ಏಕೆಂದರೆ ಹಠದಿಂದಲೂ ಜನ ಕಳೆದುಕೊಳ್ಳುತ್ತಾರೆ. ನಾನು ನೋಡುವುದು ಹಾಡು ಯಾರ ಕಡೆ ಮುಖ ಮಾಡಿದೆ ಎಂಬುದನ್ನು. ಕೀರ್ತನೆಗಳಲ್ಲಿ ದೂರು ದೇವರ ಕುರಿತದ್ದಾದರೂ ದೇವರಿಗೇ ಸಲ್ಲುತ್ತದೆ. 'ನೀನು' ಎಂಬ ಸಂಬೋಧನೆ ಕಡಿಯುವುದಿಲ್ಲ. ದಾಸರ ನಿಂದಾಸ್ತುತಿಯನ್ನು ಬಲ್ಲ ನಮಗೆ ಇದು ಹೊಸದಲ್ಲ, ಆದರೆ ಒಂದು ವ್ಯತ್ಯಾಸವಿದೆ. ನಿಂದಾಸ್ತುತಿಯಲ್ಲಿ ಬೈಗುಳದ ಒಳಗೆ ಹೊಗಳಿಕೆ ಅಡಗಿರುತ್ತದೆ, ಬೈದವನಿಗೂ ಬೈಸಿಕೊಂಡವನಿಗೂ ಅದು ಗೊತ್ತು. ಪ್ರಲಾಪದ ಕೀರ್ತನೆಯಲ್ಲಿ ದೂರು ದೂರೇ. ಅದಕ್ಕೆ ಉತ್ತರ ಬರಬೇಕು.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು. ಶಿನೇಡ್ 2018ರಲ್ಲಿ ಇಸ್ಲಾಮನ್ನು ಸ್ವೀಕರಿಸಿದರು, 2023ರಲ್ಲಿ ಮುಸ್ಲಿಮರಾಗಿಯೇ ತೀರಿಕೊಂಡರು. ಆಸ್ಟ್ರೇಲಿಯಾದ ನಿಕ್ ಕೇವ್ ತಮ್ಮ 1997ರ 'ಇನ್‌ಟು ಮೈ ಆರ್ಮ್ಸ್' ಹಾಡನ್ನು ಶುರು ಮಾಡುವುದೇ ಮನುಷ್ಯರ ಬದುಕಿನಲ್ಲಿ ಕೈಹಾಕುವ ದೇವರನ್ನು ತಾನು ನಂಬುವುದಿಲ್ಲ ಎಂಬ ಮಾತಿನಿಂದ. ಇಂಥವರನ್ನು ಕ್ರೈಸ್ತ ಭಕ್ತಿಯ ಲೆಕ್ಕಕ್ಕೆ ಹಿಡಿಯುವುದು ಸಿದ್ಧಾಂತವನ್ನೂ ಸಭೆಯನ್ನೂ ಹಗುರ ಮಾಡಿದಂತೆ ಎಂದು ಯಾರಾದರೂ ಹೇಳಿದರೆ ಅದರಲ್ಲಿ ಹುರುಳಿದೆ. ಸಭೆಯೆಂಬುದು ಬೇಕು, ನೂರಾರು ಜನ ಕೂಡಿ ಹಾಡುವ ಹಾಡಿಗೆ ಒಬ್ಬೊಬ್ಬರ ಸಂಕಟವನ್ನು ಹೊರುವ ಶಕ್ತಿ ಇರುವುದಿಲ್ಲ, ಇರಬೇಕೆಂದು ಕೇಳುವುದೂ ತಪ್ಪು. ಆದರೆ ನಾನು ಹೇಳುತ್ತಿರುವುದು ಹಾಡಿನ ವಿಷಯ, ಹಾಡಿದವರ ಸದಸ್ಯತ್ವದ ವಿಷಯ ಅಲ್ಲ. ಅದೇ ನಿಕ್ ಕೇವ್ 1998ರಲ್ಲಿ ಮಾರ್ಕನ ಸುವಾರ್ತೆಯ ಒಂದು ಆವೃತ್ತಿಗೆ ಮುನ್ನುಡಿ ಬರೆದರು. 2015ರಲ್ಲಿ ಹದಿನೈದರ ಮಗ ಆರ್ಥರ್‌ನನ್ನು ಕಳೆದುಕೊಂಡ ಮೇಲೆ 2019ರಲ್ಲಿ ಬಂದ 'ಘೋಸ್ಟೀನ್' ಮೊದಲಿಂದ ಕೊನೆಯವರೆಗೆ ಯೋಬನ ದನಿಯ ಕೃತಿ. ಸಿದ್ಧಾಂತದಲ್ಲಿ ಅರೆಮನಸ್ಸಿನವರು ಪ್ರಾರ್ಥನೆಯಲ್ಲಿ ಪೂರ್ಣಮನಸ್ಸಿನವರಾಗಿರಬಲ್ಲರು. ಯೋಬನ ಗೆಳೆಯರ ಸ್ಥಿತಿ ಇದಕ್ಕೆ ತದ್ವಿರುದ್ಧವಾಗಿತ್ತು, ಬೈಬಲ್ಲು ಯಾರನ್ನು ಒಪ್ಪಿತು ಎಂಬುದನ್ನು ಆಗಲೇ ನೋಡಿದೆವು.

ಇಷ್ಟು ಹೊತ್ತು ಕೇಳಿದ ನಿಮ್ಮಲ್ಲಿ ನನ್ನದೊಂದು ವಿನಂತಿ. ಈ ಮಾತನ್ನು ನನ್ನ ಬಾಯಿಂದ ನಂಬಬೇಡಿ. ಕನ್ನಡ ಬೈಬಲ್ಲು ಸುಲಭವಾಗಿ ಸಿಗುತ್ತದೆ. 130ನೆಯ ಕೀರ್ತನೆಯನ್ನು ನಿಧಾನವಾಗಿ ಒಮ್ಮೆ ಓದಿ, ಅದು ಎಂಟೇ ವಚನ. ಆಮೇಲೆ 'ಥಿಯಾಲಜಿ'ಯಲ್ಲಿ ಶಿನೇಡ್ ಅದೇ ಕೀರ್ತನೆಯಿಂದ ಕಟ್ಟಿದ 'ಔಟ್ ಆಫ್ ದಿ ಡೆಪ್ತ್ಸ್' ಹಾಡನ್ನು, ಗಿಟಾರಿನ ತಟ್ಟೆಯಲ್ಲಿರುವುದನ್ನೇ ಮೊದಲು, ಕೇಳಿ.