ರೈತನ ಮರುಮಾತು

ಕೊಳ್ಳೇಗಾಲದಿಂದ ಮಾಂಬಳ್ಳಿಗೆ ದೂರವೇನಿಲ್ಲ. ಆದರೂ 1956ರ ನವೆಂಬರ್ 1ರವರೆಗೆ ಇವೆರಡರ ನಡುವೆ ಒಂದು ಗಡಿ ಹಾದುಹೋಗಿತ್ತು. ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಯದು. ಮಾಂಬಳ್ಳಿ ಇರುವ ಯಳಂದೂರು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕದ್ದು, ಮೈಸೂರಿನದು. ಆಡುವ ಮಾತು ಒಂದೇ, ಬೇಸಾಯವೂ ಹೆಚ್ಚುಕಡಿಮೆ ಒಂದೇ. ಬುದ್ಧಿ ಹೇಳುವ ಇಲಾಖೆಗಳು ಮಾತ್ರ ಎರಡು. ಒಂದಕ್ಕೆ ಕೊಯಮತ್ತೂರಿನ ಕೃಷಿ ಕಾಲೇಜು ಆಸರೆ, ಇನ್ನೊಂದಕ್ಕೆ ಬೆಂಗಳೂರಿನ ಹೆಬ್ಬಾಳ.

ಹೆಬ್ಬಾಳದ ಪ್ರಯೋಗ ಕ್ಷೇತ್ರ ಶುರುವಾದದ್ದು 1899ರಲ್ಲಿ, ರಸಾಯನಶಾಸ್ತ್ರಜ್ಞ ಲೇಮನ್ ಅವರ ಕಾಲದಲ್ಲಿ. 1908ರಲ್ಲಿ ಕೆನಡಾದಿಂದ ಲೆಸ್ಲಿ ಕೋಲ್ಮನ್ ಬಂದರು. ಮಲೆನಾಡಿನ ಅಡಿಕೆಗೆ ಕೊಳೆರೋಗ ಬಡಿಯುತ್ತಿದ್ದ ಕಾಲ ಅದು. ಗೊನೆಗೆ ಕೊಟ್ಟೆ ಕಟ್ಟಿ ಮಳೆ ತಡೆಯುವ ಉಪಾಯ ಬೆಳೆಗಾರರಿಗೆ ಮೊದಲೇ ಗೊತ್ತಿತ್ತು. ಕೋಲ್ಮನ್ ತೋಟಗಳಲ್ಲೇ ನಿಂತು ರೋಗದ ಮೂಲ ಹುಡುಕಿದರು, ಬೋರ್ಡೋ ದ್ರಾವಣ ಸಿಂಪಡಿಸಿ ತೋರಿಸಿದರು. 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆಯೂ ತೆರೆಯಿತು. ಅಲ್ಲಿಂದ ಮುಂದೆ ಕಲಿಸುವವರಿಗೆ ಬರವಿರಲಿಲ್ಲ. ಕಲಿತವನು ಏನೆನ್ನುತ್ತಾನೆ ಎಂದು ಕೇಳುವವರು ಮಾತ್ರ ವಿರಳ.

ಮಾಂಬಳ್ಳಿಯ ರೇಷ್ಮೆಯಲ್ಲಿ ಇದು ಎದ್ದು ಕಾಣುತ್ತದೆ. ಗೂಡಿನಿಂದ ನೂಲು ತೆಗೆಯುವ ಸರ್ಕಾರಿ ಫಿಲೇಚರ್ ಕಂಡ ಊರಿದು. ಸುತ್ತಲ ಹಳ್ಳಿಗಳಲ್ಲಿ ಹಿಪ್ಪುನೇರಳೆ, ಮನೆಯೊಳಗೆ ಹುಳು. 1980ರಲ್ಲಿ ಬಂಗಾಳದ ಕಡೆಯ ಗೂಡುಗಳ ಜತೆ ಊಜಿ ನೊಣ ಕರ್ನಾಟಕಕ್ಕೆ ಬಂತು. ಇದು ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ, ಮರಿ ಒಳಹೊಕ್ಕು ತಿನ್ನುತ್ತದೆ, ಬಲಿತ ಮೇಲೆ ಗೂಡನ್ನು ಕೊರೆದು ಹೊರಬೀಳುತ್ತದೆ. ತೂತು ಬಿದ್ದ ಗೂಡಿನಿಂದ ಎಳೆ ಬಿಚ್ಚಲಾಗದು. ಕಿಟಕಿ ಬಾಗಿಲಿಗೆ ನೈಲಾನ್ ಪರದೆ ಕಟ್ಟಿ ಎಂಬ ಸಲಹೆ ಸರಿಯಾದದ್ದೇ. ಆದರೆ ಹುಳು ಇದ್ದ ಮನೆಯಲ್ಲೇ ಒಲೆ ಉರಿಯಬೇಕು, ಮಕ್ಕಳು ಓಡಾಡಬೇಕು, ದನ ಒಳಹೊರಗೆ ಹೋಗಬೇಕು. ಬಾಗಿಲು ಎಷ್ಟು ಹೊತ್ತು ಮುಚ್ಚಿದ್ದೀತು? ಹುಳು ಸಾಕಣೆಗೆ ಬೇರೆಯೇ ಮನೆ ಬೇಕೆಂಬುದು ಎಲ್ಲರ ಮಾತಾಗಿ, ಅದಕ್ಕೆ ಸಹಾಯಧನ ಬರುವ ಹೊತ್ತಿಗೆ ಎಷ್ಟೋ ಬೆಳೆ ಕೈಬಿಟ್ಟಿದ್ದವು.

ದ್ವಿತಳಿ ಎಂಬ ಬಿಳಿಗೂಡಿನ ಹುಳುವಿನ ಕಥೆಯೂ ಹೀಗೆಯೇ. 1961ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ, 1991ರಿಂದ ಜಪಾನಿನ ನೆರವಿನೊಡನೆ ಬಿಳಿಗೂಡಿನ ತಳಿಗಳ ಮೇಲೆ ಕೆಲಸ ಮಾಡಿತು. ಸಿಎಸ್‌ಆರ್ 2, ಸಿಎಸ್‌ಆರ್ 4 ಹುಟ್ಟಿದ್ದು ಹಾಗೆ. ನೂಲು ಉತ್ತಮ, ಬೆಲೆಯೂ ಹೆಚ್ಚು. ಆದರೂ ಬಹಳ ಮಂದಿ ಹಳದಿ ಗೂಡಿನ ಮಿಶ್ರತಳಿಯನ್ನು ಬಿಡಲಿಲ್ಲ. ಅದನ್ನು ಮೊಂಡುತನ ಎಂದವರಿದ್ದಾರೆ. ಅದು ಲೆಕ್ಕಾಚಾರ. ಬೇಸಿಗೆಯ ಸೆಕೆಯಲ್ಲಿ ನಾಜೂಕಿನ ಹುಳು ಸಪ್ಪೆ ರೋಗಕ್ಕೆ ಬಿದ್ದರೆ ಸಾಲ ತೀರಿಸುವವರು ಯಾರು? ಇನ್ನೊಂದು ವಿಚಾರ: ಹೊತ್ತುಹೊತ್ತಿಗೆ ಸೊಪ್ಪು ಹಾಕುವವರು ಹೆಚ್ಚಾಗಿ ಮನೆಯ ಹೆಂಗಸರು, ತರಬೇತಿಗೆ ಕರೆ ಬರುವುದು ಪಹಣಿಯಲ್ಲಿ ಹೆಸರಿರುವ ಗಂಡಸಿಗೆ.

ಇಲಾಖೆಗಳು ಪ್ರಯತ್ನಿಸಲಿಲ್ಲ ಎನ್ನುವಂತಿಲ್ಲ. 1952ರ ಸಮುದಾಯ ಅಭಿವೃದ್ಧಿ ಯೋಜನೆಯ ಗ್ರಾಮಸೇವಕ ಊರೂರು ತಿರುಗಿದ. ಎಪ್ಪತ್ತರ ದಶಕದ ಕೊನೆಗೆ ವಿಶ್ವಬ್ಯಾಂಕಿನ ನೆರವಿನ ತರಬೇತಿ ಮತ್ತು ಭೇಟಿ ಪದ್ಧತಿ ಬಂತು. ಹದಿನೈದು ದಿನಕ್ಕೊಮ್ಮೆ ಗೊತ್ತಾದ ದಿನ ಸಂಪರ್ಕ ರೈತನ ಹೊಲಕ್ಕೆ ಭೇಟಿ. ಸಂದೇಶ ಮೇಲಿನಿಂದ ಕೆಳಕ್ಕೆ ಕ್ರಮವಾಗಿ ಇಳಿಯಿತು, ಕೆಳಗಿನಿಂದ ಹತ್ತಿದ್ದು ಕಡಿಮೆ. ಆಕಾಶವಾಣಿಯ ಕೃಷಿರಂಗಕ್ಕೆ ಬರುತ್ತಿದ್ದ ಕಾರ್ಡುಗಳೇ ಆಗ ರೈತನ ಪ್ರಶ್ನೆಗೆ ಸಿಕ್ಕ ಅಗ್ಗದ ದಾರಿ. 1988ರಲ್ಲಿ ಪುತ್ತೂರಿನಲ್ಲಿ ಶುರುವಾದ ‘ಅಡಿಕೆ ಪತ್ರಿಕೆ’ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಬೆಳೆಗಾರನ ಕೈಗೇ ಲೇಖನಿ ಕೊಟ್ಟಿತು. 2000ದ ಸುಮಾರಿಗೆ ಹೋಬಳಿಗೊಂದು ರೈತ ಸಂಪರ್ಕ ಕೇಂದ್ರ, 2004ರ ಜನವರಿಯಲ್ಲಿ ಕಿಸಾನ್ ಕಾಲ್ ಸೆಂಟರ್. ಸಂಪರ್ಕ ಕೇಂದ್ರದಲ್ಲಿ ಬಿತ್ತನೆ ಬೀಜದ ಸಾಲು ಉದ್ದವಾದಷ್ಟೂ ಮಾತುಕತೆ ಮೊಟಕಾಯಿತು ಎಂಬುದನ್ನು ಹೇಳದಿರಲಾಗದು.

ಬಿಳಿಗಿರಿರಂಗನ ಬೆಟ್ಟದ ಸೀಮೆಯಲ್ಲೇ, ಹೊಂಡರಬಾಳಿನ ಬಳಿ, ಬೇರೊಂದು ದಾರಿಯಿದೆ. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘದ ಚಳವಳಿಯಿಂದ ಹುಟ್ಟಿದ ಅಮೃತಭೂಮಿಯಲ್ಲಿ ನೈಸರ್ಗಿಕ ಕೃಷಿಯ ಪಾಠ ನಡೆಯುತ್ತದೆ. ಉತ್ತವರೇ ಅಲ್ಲಿ ಉತ್ತವರಿಗೆ ಹೇಳಿಕೊಡುತ್ತಾರೆ. ಅಲ್ಲಿಯ ವಾದಗಳೆಲ್ಲವನ್ನೂ ಕೃಷಿ ವಿಜ್ಞಾನಿಗಳು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಆದರೆ ಹೇಳುವವನಿಗೆ ಅಡ್ಡ ಪ್ರಶ್ನೆ ಹಾಕಲು ಕೇಳುವವನು ಅಂಜಬೇಕಿಲ್ಲ.

ಸರ್ಕಾರಿ ತರಬೇತಿಗಳಲ್ಲೂ ಅಭಿಪ್ರಾಯದ ನಮೂನೆ ಇರುತ್ತದೆ. ಅದನ್ನು ತುಂಬಿಸಿಕೊಳ್ಳುವುದು ಊಟವಾದ ಮೇಲೆ, ಅದೇ ಸಂಜೆ. ಹುಳು ಚಾಕಿ ಎಂಬ ಮರಿಹಂತದಿಂದ ಗೂಡಿಗೆ ಬರಲು ತಿಂಗಳೊಪ್ಪತ್ತು ಬೇಕು. ಗೂಡು ಮಾರುಕಟ್ಟೆಯಲ್ಲಿ ಹರಾಜಾಗಿ ಹಣ ಕೈಗೆ ಬಂದ ದಿನ ಅದೇ ನಮೂನೆ ಹಿಡಿದು ಹೋದರೆ, ಸೊಪ್ಪು ಹಾಕಿದವಳನ್ನೂ ಕೂರಿಸಿ ಕೇಳಿದರೆ, ಅಧಿಕಾರಿ ಬರೆದುಕೊಳ್ಳಲು ಇನ್ನೊಂದು ಹಾಳೆ ಬೇಡಬೇಕಾದೀತು.