ನರಹುಲಿ, ಬಿಸಿಲು ಮತ್ತು ಕೊಂಬಿನ ಮೊಲ



ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಕೈಮೇಲೆ ನರಹುಲಿ ಎದ್ದರೆ ಯಾರೂ ಆಸ್ಪತ್ರೆಗೆ ಓಡುವುದಿಲ್ಲ. ಕುದುರೆ ಬಾಲದ ಕೂದಲು ಬಿಗಿದು ಕಟ್ಟುವವರುಂಟು, ದೇವಸ್ಥಾನದ ಕಲ್ಯಾಣಿಗೆ ಉಪ್ಪು ಹಾಕುತ್ತೇನೆಂದು ಹರಕೆ ಹೊರುವವರುಂಟು. ಎಷ್ಟೋ ಸಲ ಅದು ತಾನಾಗಿಯೇ ಉದುರುತ್ತದೆ, ಹೆಸರು ಉಪ್ಪಿಗೆ ಬರುತ್ತದೆ. ನರಹುಲಿಗೆ ಕಾರಣ ಒಂದು ವೈರಸ್. ಸಾಮಾನ್ಯ ನರಹುಲಿ ಕ್ಯಾನ್ಸರ್ ಆಗುವುದಿಲ್ಲ, ಆ ಭಯ ಬೇಡ. ಆದರೆ ಅದೇ ಬಳಗದ ಕೆಲವು ವೈರಸ್‌ಗಳು ಬಿಸಿಲಿನ ಜೊತೆ ಸೇರಿ ಚರ್ಮದ ಕ್ಯಾನ್ಸರ್ ತರಬಲ್ಲವು. ಇದು ತಿಳಿಯಲು ವೈದ್ಯರಿಗೆ ಬಹಳ ಕಾಲ ಹಿಡಿಯಿತು.

ಮೊದಲು ಸಿಕ್ಕಿಬಿದ್ದದ್ದು ಬಿಸಿಲು. 1894ರಲ್ಲಿ ಹ್ಯಾಂಬರ್ಗ್‌ನ ಚರ್ಮವೈದ್ಯ ಪಾಲ್ ಉನ್ನಾ, ಹಡಗಿನಲ್ಲಿ ದುಡಿದ ನಾವಿಕರ ಮುಖ, ಕೈಗಳ ಚರ್ಮ ಒರಟಾಗಿ ಅಲ್ಲೇ ಕ್ಯಾನ್ಸರ್ ಏಳುವುದನ್ನು ಬರೆದಿಟ್ಟರು. ಅದರ ಹಿಂದೆಯೇ ಫ್ರಾನ್ಸಿನ ಬೋರ್ಡೋದಲ್ಲಿ ದ್ಯುಬ್ರೆಯ್ ಎಂಬ ವೈದ್ಯರು ದ್ರಾಕ್ಷಿತೋಟದ ಆಳುಗಳಲ್ಲೂ ಅದನ್ನೇ ಕಂಡರು. 1928ರಲ್ಲಿ ಬ್ರಿಟನ್ನಿನ ಫಿಂಡ್ಲೆ ಇಲಿಗಳ ಮೇಲೆ ಅತಿನೇರಳೆ ಕಿರಣ ಬಿಟ್ಟು ಕ್ಯಾನ್ಸರ್ ಬರಿಸಿ ತೋರಿಸಿದರು.

ಹಾಗಾದರೆ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ದಿನವಿಡೀ ಕಬ್ಬು ಕಡಿಯುವವರ ಗತಿಯೇನು? ಅವರನ್ನು ಕಾಯುವುದು ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ಮೆಲನಿನ್. ಅದರ ಕಣಗಳು ಚರ್ಮದ ಜೀವಕೋಶದೊಳಗೆ, ಮಳೆಗೆ ಹಾಕಿಕೊಂಡ ಗೋಣಿಕೊಪ್ಪೆಯ ಹಾಗೆ, ಡಿಎನ್‌ಎ ಇರುವ ಕೇಂದ್ರದ ಮೇಲೆ ಕವುಚಿಕೊಂಡಿರುತ್ತವೆ. ನಮ್ಮ ದೇಶದಲ್ಲಿ ಚರ್ಮದ ಕ್ಯಾನ್ಸರ್ ಕಡಿಮೆ ಇರುವುದು ಇದರಿಂದ. ಬರುವಾಗಲೂ ಅದು ಬಿಸಿಲನ್ನೇ ಕಾಯುವುದಿಲ್ಲ. ಹತ್ತಾರು ವರ್ಷದ ಹಳೆಯ ಸುಟ್ಟಗಾಯದ ಕಲೆಯ ಮೇಲೂ ಏಳುತ್ತದೆ. ಆಲೆಮನೆಯ ಕೊಪ್ಪರಿಗೆ ಪಕ್ಕ ದುಡಿದವರು ಅಂಥ ಕಲೆಯಲ್ಲಿ ಮಾಯದ ಹುಣ್ಣು ಕಂಡರೆ ತೋರಿಸಿಕೊಳ್ಳಬೇಕು.

ಬಿಸಿಲಿನ ಕೈವಾಡ ನೋಡಬೇಕೆಂದರೆ ಕೊಟ್ಟಿಗೆಗೆ ಹೋಗಿ. ಹಳ್ಳಿಕಾರ್ ಹಸುವಿನ ಕಣ್ಣಂಚು ಕಪ್ಪು. ಡೇರಿ ಹಾಲಿಗೆಂದು ಕಟ್ಟಿದ ಸೀಮೆಹಸುಗಳಲ್ಲಿ ಕೆಲವಕ್ಕೆ ರೆಪ್ಪೆಯೇ ಬಿಳಿ. ಕಣ್ಣಿನ ಕ್ಯಾನ್ಸರ್ ಹೆಚ್ಚಾಗಿ ಬರುವುದು ಅಂಥವಕ್ಕೆ.

ವೈರಸ್ಸಿನ ಕಥೆ ಶುರುವಾಗುವುದು ಮೊಲದಿಂದ. ಮೊಲಕ್ಕೆ ಕೊಂಬಿಲ್ಲ ಎಂದು ನಾವು ನಂಬಿದ್ದೇವೆ. ಆದರೆ ಅಮೆರಿಕದ ಕೆಲವು ಕಾಡುಮೊಲಗಳ ಮೈಮೇಲೆ ಕರ್ರಗೆ ಕೊಂಬಿನಂಥ ಗಂಟುಗಳು ಬೆಳೆಯುತ್ತಿದ್ದವು. ರಿಚರ್ಡ್ ಶೋಪ್ ಆ ಗಂಟನ್ನು ಅರೆದು, ಬ್ಯಾಕ್ಟೀರಿಯಾ ಕೂಡ ದಾಟಲಾಗದಂತೆ ಸೋಸಿ, ಉಳಿದ ನೀರನ್ನು ಬೇರೆ ಮೊಲದ ಗೀಚಿದ ಚರ್ಮಕ್ಕೆ ಸವರಿದರು. ಅಲ್ಲೂ ಕೊಂಬು ಬಂತು. ಅದು 1933. ಅವರ ಗೆಳೆಯ ಪೇಟನ್ ರೌಸ್ ಇದನ್ನು ಮುಂದುವರಿಸಿ, ಈ ಗಂಟುಗಳು ಕ್ಯಾನ್ಸರ್‌ಗೆ ತಿರುಗುವುದನ್ನೂ, ಮೊದಲೇ ಟಾರು ಬಳಿದ ಚರ್ಮಕ್ಕೆ ವೈರಸ್ ತಗುಲಿದರೆ ಇನ್ನೂ ಬೇಗ ತಿರುಗುವುದನ್ನೂ ತೋರಿಸಿದರು. ಕೋಳಿಯ ಗಡ್ಡೆಗೆ ವೈರಸ್ ಕಾರಣ ಎಂದು 1911ರಲ್ಲೇ ಹೇಳಿದ್ದವರು ಈ ರೌಸ್. ನೊಬೆಲ್ ಬಂದದ್ದು 1966ರಲ್ಲಿ, ಅವರಿಗೆ 87 ತುಂಬಿದ ಮೇಲೆ!

ಮೊಲದಲ್ಲಿ ಸರಿ, ಮನುಷ್ಯರಲ್ಲಿ? ಉತ್ತರ ಸಿಕ್ಕಿದ್ದು ಪೋಲೆಂಡಿನ ವಾರ್ಸಾದಲ್ಲಿ. 1922ರಲ್ಲೇ ವರ್ಣಿಸಲಾಗಿದ್ದ ಒಂದು ಅಪರೂಪದ ಕಾಯಿಲೆಯಿತ್ತು. ಕುತ್ತಿಗೆ, ಎದೆಯ ಮೇಲೆ ಚಿಬ್ಬಿನಂಥ ಮಚ್ಚೆಗಳು, ಕೈಮೇಲೆ ಚಪ್ಪಟೆ ನರಹುಲಿಗಳು. ಚಿಕ್ಕಂದಿನಲ್ಲೇ ಶುರುವಾಗುತ್ತವೆ, ಮೆಡಿಕಲ್ ಸ್ಟೋರಿನ ಚಿಬ್ಬಿನ ಮುಲಾಮು ಎಷ್ಟು ಹಚ್ಚಿದರೂ ಹೋಗುವುದಿಲ್ಲ. ವಯಸ್ಸಾದಂತೆ ಅನೇಕರಲ್ಲಿ ಅವು ಕ್ಯಾನ್ಸರ್ ಆಗುತ್ತವೆ, ಅದೂ ಹಣೆ ಮತ್ತು ಕೈಗಳಂಥ ಬಿಸಿಲು ಬೀಳುವ ಕಡೆಯೇ. ಸ್ಟೆಫಾನಿಯಾ ಯಾಬ್ಲೋನ್ಸ್ಕಾ ಎಂಬ ವೈದ್ಯೆ ಇದನ್ನು ಗಮನಿಸಿ ಬೆನ್ನುಹತ್ತಿದರು. ಪ್ಯಾರಿಸ್‌ನ ಝೆರಾರ್ ಓರ್ತ್ ಜೊತೆಗೂಡಿ 1978ರಲ್ಲಿ ಅದರ ವೈರಸ್ಸನ್ನು ಗುರುತಿಸಿದರು. ಬಿಸಿಲಿನಿಂದ ಡಿಎನ್‌ಎ ತೀರಾ ಕೆಟ್ಟ ಕೋಶ ತಾನೇ ಸಾಯುವುದು ದೇಹದ ಪದ್ಧತಿ. ಈ ವೈರಸ್ಸಿನ ಒಂದು ಪ್ರೋಟೀನು ಅದನ್ನು ಸಾಯಲು ಬಿಡುವುದಿಲ್ಲ. ಪೆಟ್ಟು ಕೊಡುವುದು ಬಿಸಿಲು, ಪೆಟ್ಟುತಿಂದ ಕೋಶವನ್ನು ಬದುಕಿಸಿ ಬೆಳೆಸುವುದು ವೈರಸ್.

ಎರಡೂ ಸೇರಲೇಬೇಕೆಂದೂ ಇಲ್ಲ. ಮರ್ಕೆಲ್ ಸೆಲ್ ಕ್ಯಾನ್ಸರ್ ಎಂಬುದೊಂದಿದೆ, ಅಪರೂಪದ್ದು, ಕ್ರೂರವಾದದ್ದು. 2008ರಲ್ಲಿ ಪಿಟ್ಸ್‌ಬರ್ಗ್‌ನ ಯುವಾನ್ ಚಾಂಗ್, ಪ್ಯಾಟ್ರಿಕ್ ಮೂರ್ ತಂಡ ಪರೀಕ್ಷಿಸಿದ 10 ಗಡ್ಡೆಗಳಲ್ಲಿ 8ರಲ್ಲಿ ಹೊಸ ವೈರಸ್ ಸಿಕ್ಕಿತು. ಆದರೆ ಬಿಸಿಲಿನ ಆಸ್ಟ್ರೇಲಿಯಾದಲ್ಲಿ ಇದೇ ಕ್ಯಾನ್ಸರ್‌ನ ಹೆಚ್ಚಿನ ಗಡ್ಡೆಗಳಲ್ಲಿ ವೈರಸ್ಸೇ ಇಲ್ಲ, ಡಿಎನ್‌ಎ ತುಂಬ ಅತಿನೇರಳೆ ಕಿರಣದ ಗಾಯದ ಗುರುತು. ಸೂಕ್ಷ್ಮದರ್ಶಕದಡಿ ಎರಡೂ ಒಂದೇ ರೋಗ.

ನನ್ನ ಮಟ್ಟಿಗೆ ಈ ಇತಿಹಾಸದಲ್ಲಿ ಮುಖ್ಯವಾದದ್ದು ಬಿಸಿಲೂ ಅಲ್ಲ, ವೈರಸ್ಸೂ ಅಲ್ಲ, ಕಾವಲು ತಪ್ಪಿದ ದೇಹ. 1870ರ ದಶಕದಲ್ಲಿ ವಿಯೆನ್ನಾದ ಕಪೋಸಿ ವರ್ಣಿಸಿದ ಇನ್ನೊಂದು ಕಾಯಿಲೆಯಲ್ಲಿ ಮಕ್ಕಳ ಮುಖದ ತುಂಬ ಚುಕ್ಕೆ, ಒಣಚರ್ಮ, ಹತ್ತರ ಆಸುಪಾಸಿನಲ್ಲೇ ಕ್ಯಾನ್ಸರ್. ಬಿಸಿಲಿಗೆ ಕೆಟ್ಟ ಡಿಎನ್‌ಎಯನ್ನು ರಿಪೇರಿ ಮಾಡುವ ಶಕ್ತಿ ಈ ಮಕ್ಕಳಿಗಿಲ್ಲ ಎಂದು 1968ರಲ್ಲಿ ಜೇಮ್ಸ್ ಕ್ಲೀವರ್ ಕಂಡುಹಿಡಿದರು. ಈ ಕಾಯಿಲೆ, ವಾರ್ಸಾದ ಆ ಕಾಯಿಲೆ, ಮೆಲನಿನ್ ಇಲ್ಲದೆ ಹುಟ್ಟುವ ಆಲ್ಬಿನಿಸಂ, ಮೂರೂ ಸಾಮಾನ್ಯವಾಗಿ ಬರುವುದು ತಂದೆತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದಾಗ. ಇಬ್ಬರೂ ರಕ್ತಸಂಬಂಧಿಗಳಾದರೆ ಹಾಗಾಗುವ ಸಾಧ್ಯತೆ ಹೆಚ್ಚು.

ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರತ್ತೆ ಮಗನಿಗೆ ಕೊಡುವುದು ನಮ್ಮ ಕಡೆ ಹಳೆಯ ರೂಢಿ. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಪ್ಪಾಜಿ ರಾವ್ ಮತ್ತು ಸಂಗಡಿಗರು ಬೆಂಗಳೂರು, ಮೈಸೂರಿನ ನವಜಾತ ಶಿಶುಗಳ ಪರೀಕ್ಷೆಯ ಜೊತೆ ವಿಚಾರಿಸಿದಾಗ, ಸುಮಾರು ಮೂರರಲ್ಲೊಂದು ಮದುವೆ ಸಂಬಂಧದಲ್ಲೇ ಆಗಿತ್ತು. ಅದಕ್ಕೇ ಮಗುವಿನ ಮೈಮೇಲಿನ ಮಚ್ಚೆ ನೋಡಿದ ಡಾಕ್ಟರು “ಸಂಬಂಧದಲ್ಲಿ ಮದುವೆ ಆಗಿದ್ದೀರೇನಮ್ಮ?” ಎಂದು ಕೇಳುವುದು. ಬೈಯಲಿಕ್ಕೆ ಕೇಳುವುದಲ್ಲ. ಹೌದೆಂದರೆ ಅವರು ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸಬಹುದು, ತುಂಬುತೋಳಿನ ಅಂಗಿ, ಅಗಲ ಟೋಪಿ ಹೇಳಬಹುದು, ಶಾಲೆಯಲ್ಲಿ ಮಧ್ಯಾಹ್ನದ ಆಟದ ಪಿರಿಯಡ್ ತಪ್ಪಿಸಲು ಮೇಷ್ಟರಿಗೆ ಚೀಟಿ ಬರೆದುಕೊಡಬಹುದು.