ಕೋರ್ಟು ಆಡೂರಿನಿಂದ ಎಷ್ಟು ದೂರ?

(ಹಾನಗಲ್ಲ ತಾಲೂಕಿನ ಆಡೂರಿನಲ್ಲಿ, ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ವರದಕ್ಷಿಣೆ ಕಾಯಿದೆಯ ಬಗ್ಗೆ ಮಾತಾಡಿರಿ ಎಂದು ನಿಮ್ಮ ಸಂಘದವರು ಕರೆದರು. ಕಾಯಿದೆಗಳ ಹೆಸರು ನಿಮ್ಮಲ್ಲಿ ಎಷ್ಟೋ ಜನಕ್ಕೆ ಬಾಯಿಪಾಠವೇ ಆಗಿವೆ. ಅದಕ್ಕೇ ಇವತ್ತು ಬೇರೆ ಕತೆ ಹೇಳುತ್ತೇನೆ, ಕೋರ್ಟಿನ ಕತೆ. ಅದು ಎಲ್ಲಿತ್ತು, ನಮ್ಮಂಥ ಹೆಣ್ಣುಮಕ್ಕಳಿಂದ ಎಷ್ಟು ದೂರ ಇತ್ತು ಎಂಬುದರ ಕತೆ.

ನನ್ನ ಅಕ್ಕನಿಂದಲೇ ಸುರು ಮಾಡುತ್ತೇನೆ. 1980ರ ದಶಕ. ಬಂಗಾರ ಕಡಿಮೆ ಬಿತ್ತೆಂದು ಗಂಡನ ಮನೆಯವರು ಅವಳನ್ನು ಕೂಸಿನ ಸಮೇತ ತವರಿಗೆ ಅಟ್ಟಿದರು. ಜೀವನಾಂಶಕ್ಕೆ ಅರ್ಜಿ ಹಾಕಿದೆವು. ವಾಯಿದೆಯ ಮೇಲೆ ವಾಯಿದೆ. ಬೆಳಿಗ್ಗೆ ಹತ್ತರಿಂದ ಸಂಜೆ ಐದರತನಕ ವರಾಂಡದಲ್ಲಿ ನಿಲ್ಲುವುದು. "ಇಷ್ಟು ದೊಡ್ಡ ಕಟ್ಟಡದಾಗ ನನಗ ಕುಂದರಾಕ ಒಂದು ಜಾಗಾ ಇಲ್ಲಲ್ಲ" ಎಂದಳು ಅಕ್ಕ. ಎರಡು ವರ್ಷದ ಮೇಲೆ ತಿಂಗಳಿಗೆ ನೂರೈವತ್ತು ರೂಪಾಯಿ ಕೊಡಬೇಕೆಂದು ಆದೇಶವಾಯಿತು. ಗಂಡನ ಕಡೆಯವರು ಹೊರಗೆ ಬಂದು ಒಂದೇ ಮಾತು ಅಂದರು: "ಬೆಂಗಳೂರಿಗೆ ಹೋಗ್ತೀವಿ, ಹೈಕೋರ್ಟಿಗೆ." ನಮ್ಮಪ್ಪ ಅಲ್ಲೇ ಕುಸಿದ. ವಕೀಲರ ಫೀಸು, ಹಾವೇರಿಯಿಂದ ರಾತ್ರಿ ಗಾಡಿ, ಅಲ್ಲಿ ಉಳಿಯಲು ಯಾರೂ ಇಲ್ಲ. ಹದಿನೈದು ದಿನದಲ್ಲಿ ರಾಜಿಯಾಯಿತು. ಅಕ್ಕ ಗೆದ್ದದ್ದನ್ನು ಬಿಟ್ಟುಕೊಟ್ಟಳು. ಅವಳು ಸೋತದ್ದು ನ್ಯಾಯಾಧೀಶರ ಎದುರಿಗಲ್ಲ, ದೂರದ ಎದುರಿಗೆ.

ಆ ದೂರ ನಮ್ಮ ಭಾಗಕ್ಕೆ ಹೊಸದಲ್ಲ. ಪೇಶ್ವೆಯ ಆಳಿಕೆ ಮುಗಿದು 1818ರಲ್ಲಿ ಧಾರವಾಡದ ಸೀಮೆ ಇಂಗ್ಲಿಷರ ಕೈಗೆ ಹೋಯಿತು, ಆಮೇಲೆ ಮುಂಬಯಿ ಪ್ರಾಂತಕ್ಕೆ ಸೇರಿತು. ದಾವಾ, ವಾಯಿದೆ, ಜಪ್ತಿ ಎಂದು ನಾವು ಇವತ್ತಿಗೂ ಆಡುವ ಮಾತುಗಳು ಆ ಕಾಲದ ಕಚೇರಿಗಳಿಂದ ಉಳಿದವು. 1862ರಲ್ಲಿ ಮುಂಬಯಿಯಲ್ಲಿ ಹೈಕೋರ್ಟು ಆಯಿತು. ಅಲ್ಲಿಂದ 1956ರತನಕ ಆಡೂರಿನ ಹೆಣ್ಣಿನ ಕಡೆಯ ನ್ಯಾಯ ಮುಂಬಯಿಯಲ್ಲಿ!

ಮುಂಬಯಿ ಊರಿನಲ್ಲೇ ಇದ್ದವಳಿಗಾದರೂ ಅದು ಹತ್ತಿರವಿತ್ತೇ? ರಖಮಾಬಾಯಿ ಎಂಬವಳನ್ನು ಹನ್ನೊಂದರ ವಯಸ್ಸಿಗೆ ಮದುವೆ ಮಾಡಿದ್ದರು. ದೊಡ್ಡವಳಾದ ಮೇಲೆ ಅವಳು ಗಂಡನ ಮನೆಗೆ ಹೋಗಲು ಒಪ್ಪಲಿಲ್ಲ. 1884ರಲ್ಲಿ ಗಂಡ ಅದೇ ಹೈಕೋರ್ಟಿನಲ್ಲಿ ದಾವಾ ಹೂಡಿದ. ಮೊದಲ ನ್ಯಾಯಾಧೀಶರು ದಾವಾ ವಜಾ ಮಾಡಿದರು, ಮೇಲ್ಮನವಿಯಲ್ಲಿ ಅದು ತಿರುಗಿತು. 1887ರಲ್ಲಿ, ಗಂಡನ ಹತ್ತಿರ ಹೋಗು, ಇಲ್ಲವೇ ಆರು ತಿಂಗಳ ಜೈಲು ಎಂದು ತೀರ್ಪಾಯಿತು. ಜೈಲಿಗೇ ಹೋಗುತ್ತೇನೆ ಎಂದಳು ಆಕೆ. ಕೊನೆಗೆ 1888ರಲ್ಲಿ ಗಂಡನಿಗೆ ಎರಡು ಸಾವಿರ ರೂಪಾಯಿ ಕೊಟ್ಟು ಬಿಡಿಸಿಕೊಂಡಳು. ಮುಂದೆ ಇಂಗ್ಲೆಂಡಿನಲ್ಲಿ ಓದಿ ಡಾಕ್ಟರಾದಳು.

1956ರ ನವೆಂಬರ್ 1ಕ್ಕೆ ರಾಜ್ಯ ಒಂದಾಯಿತು. ನಮ್ಮ ಹೈಕೋರ್ಟು ಬೆಂಗಳೂರಿಗೆ ಬದಲಾಯಿತು. ವಿಧಾನಸೌಧದ ಎದುರಿಗಿರುವ ಕೆಂಪು ಕಟ್ಟಡವನ್ನು ಕೆಲವರಾದರೂ ನೋಡಿದ್ದೀರಿ. ಅದೇ ಅಠಾರಾ ಕಚೇರಿ. ಮೈಸೂರನ್ನು ಇಂಗ್ಲಿಷ್ ಕಮಿಷನರರು ಆಳುತ್ತಿದ್ದಾಗ, ಬೌರಿಂಗರ ಕಾಲದಲ್ಲಿ, 1864ಕ್ಕೆ ಸುರುವಾಗಿ 1868ಕ್ಕೆ ಮುಗಿಯಿತು. ಅದಕ್ಕೂ ಮೊದಲು ಸರಕಾರದ ಕಚೇರಿಗಳು ಟಿಪ್ಪುವಿನ ಅರಮನೆಯಲ್ಲಿದ್ದವು. ಹದಿನೆಂಟು ಇಲಾಖೆಗಳು ಇಲ್ಲಿಗೆ ಬಂದವು, ಅಠಾರಾ ಎಂಬ ಹೆಸರು ಬಂತು. ಹದಿನೆಂಟರಲ್ಲಿ ಒಂದೂ ಹೆಣ್ಣಿನದಲ್ಲ ಎಂದು ಬೇರೆ ಹೇಳಬೇಕೆ? ಹೆಂಗಸರು ವಕೀಲಿ ಮಾಡಬಹುದೆಂದು ಇಂಗ್ಲಿಷರ ಕಾಯಿದೆ ಒಪ್ಪಿದ್ದೇ 1923ರಲ್ಲಿ. ಮೈಸೂರಿನ ಚೀಫ್ ಕೋರ್ಟು ಆದದ್ದು 1884ರಲ್ಲಿ. ನಮ್ಮ ಹೈಕೋರ್ಟಿನ ಪೀಠದ ಮೇಲೆ ಮೊದಲ ಹೆಣ್ಣುಮಗಳಾಗಿ ಮಂಜುಳಾ ಚೆಲ್ಲೂರರು, ಬಳ್ಳಾರಿಯಲ್ಲಿ ವಕೀಲಿ ಮಾಡಿದವರು, ಕೂತದ್ದು 2000ದಲ್ಲಿ. ನಡುವೆ ನೂರಾ ಹದಿನಾರು ವರ್ಷ.

1980ರ ದಶಕದಲ್ಲಿ ಆ ಕಟ್ಟಡವನ್ನು ಕೆಡವಬೇಕೆಂದು ಹೊರಟರು. ಊರಿನ ಜನ ಕೋರ್ಟಿಗೇ ಹೋದರು, ಕಟ್ಟಡ ಉಳಿಯಿತು. ಉಳಿದದ್ದು ಒಳ್ಳೆಯದೇ, ಚೆಂದದ ಕಟ್ಟಡ. ಆದರೆ ಅದೇ ದಶಕದಲ್ಲಿ ನನ್ನ ಅಕ್ಕ ಅದರ ಹೆಸರು ಕೇಳಿಯೇ ಹೆದರಿ ಹಿಂದೆ ಸರಿದಳು ಎಂಬುದನ್ನು ನಾನು ಮರೆಯಲಾರೆ.

ಧಾರವಾಡಕ್ಕೆ ಪೀಠ ಬೇಕೆಂದು ನಮ್ಮ ಭಾಗದ ವಕೀಲರು, ಜನ ವರ್ಷಗಟ್ಟಲೆ ಹೋರಾಡಿದರು. 2008ರ ಜುಲೈ 4ರಂದು ಸಂಚಾರಿ ಪೀಠ ಸುರುವಾಯಿತು, 2013ರ ಆಗಸ್ಟಿನಲ್ಲಿ ಕಾಯಂ ಆಯಿತು. ಹಾವೇರಿ ಜಿಲ್ಲೆಯ ಕೇಸುಗಳು ಈಗ ಅಲ್ಲಿಗೇ. ಬೆಳಿಗ್ಗೆ ಹೋಗಿ ರಾತ್ರಿ ಮನೆಗೆ ಬರಬಹುದು. ಜಿಲ್ಲಾ ಕೋರ್ಟು ಹಾವೇರಿಯಲ್ಲೇ ಇದೆ, ತಾಲೂಕಿನ ಕೋರ್ಟು ಹಾನಗಲ್ಲಿನಲ್ಲಿ.

ಕಾಯಿದೆಯೂ ಹತ್ತಿರ ಬಂದಿದೆ, ಇದನ್ನು ಗಮನವಿಟ್ಟು ಕೇಳಿರಿ. ಜೀವನಾಂಶಕ್ಕೆ ಮೊದಲು ತಿಂಗಳಿಗೆ ಐವತ್ತು ರೂಪಾಯಿಯ ಮಿತಿ ಇತ್ತು, 1923ರಲ್ಲಿ ನೂರು, 1955ರಲ್ಲಿ ಐನೂರು. ಅಕ್ಕನ ಕಾಲಕ್ಕೂ ಅದೇ ಐನೂರು. ಆ ಮಿತಿಯನ್ನು 2001ರಲ್ಲಿ ತೆಗೆದರು. ಕೌಟುಂಬಿಕ ದೌರ್ಜನ್ಯದ 2005ರ ಕಾಯಿದೆಯಲ್ಲಿ, ನೀವು ತಾತ್ಕಾಲಿಕವಾಗಿ ಇರುವ ಊರಿನ ಕೋರ್ಟಿಗೂ ಅರ್ಜಿ ಕೊಡಬಹುದು. ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ರಕ್ಷಣಾಧಿಕಾರಿ. 498ಎ ಎಂದು ನಾವು ಕರೆಯುತ್ತಿದ್ದ ಕಲಮು 2024ರ ಜುಲೈ 1ರಿಂದ ನ್ಯಾಯ ಸಂಹಿತೆಯ 85 ಆಗಿದೆ. ಆ ಕೇಸನ್ನೂ ಹೊಡೆದ ಊರಿನಲ್ಲೇ ಹಾಕಬೇಕೆಂದಿಲ್ಲ, ಆಸರೆ ಪಡೆದ ತವರೂರಿನಲ್ಲಿ ಹಾಕಬಹುದೆಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಸಮಿತಿಯಿಂದ ವಕೀಲರು ಪುಕ್ಕಟೆ.

ಉಳಿದಿರುವುದು ವರಾಂಡದ ದೂರ. ಒಬ್ಬಳೇ ನಿಂತವಳಿಗೆ ಆ ಹತ್ತು ಹೆಜ್ಜೆ ಬೆಂಗಳೂರಿಗಿಂತ ದೂರ. ಸಂಘದ ವಾರದ ಸಭೆಯ ಪುಸ್ತಕದಲ್ಲಿ ಸಾಲದ ಕಂತು ಬರೆಯುತ್ತೀರಲ್ಲ, ಅದರ ಪಕ್ಕದಲ್ಲಿ ಯಾರ ವಾಯಿದೆ ಯಾವತ್ತು, ಜೊತೆಗೆ ಯಾರು ಹೋಗುತ್ತಾರೆ ಎಂದೂ ಬರೆಯಿರಿ. ಇಬ್ಬರು ಹೋಗಿರಿ, ಬುತ್ತಿ ಕಟ್ಟಿಕೊಂಡು ಹೋಗಿರಿ.

ಸಭೆ ಮುಗಿದ ಮೇಲೆ ಕಾಗದಪತ್ರ ತೋರಿಸಬೇಕೆಂದು ಮೂವರು ಹೇಳಿದ್ದಾರೆ. ತನ್ನಿರಿ. ನಾನು ಇಲ್ಲೇ ಕೂತಿರುತ್ತೇನೆ, ಕೊನೇ ಬಸ್ಸು ಹೋದರೆ ಹೋಗಲಿ.